ಮಬ್ಬು ಬೆಳಕಲ್ಲಿ ಜೊತೆಯಾಗಿ ಕೂತ ಹಕ್ಕಿಗಳು: ಯಾವ ಲೆನ್ಸ್, ಎಷ್ಟು ಶಟರ್, ಎಲ್ಲಿ ನಿಲ್ಲಬೇಕು?

ಒಂಟಿ ಹಕ್ಕಿಯನ್ನು ಮಬ್ಬು ಬೆಳಕಿನಲ್ಲಿ ಸೆರೆಹಿಡಿಯುವುದು ಕಷ್ಟವಾದರೂ ಅದರ ದಾರಿ ನೇರ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು ಕಣ್ಣಿಗೆ ಫೋಕಸ್ ಮಾಡಿದರಾಯಿತು. ಬಾಲ ಮಸುಕಾದರೂ ಚಿತ್ರ ನಿಲ್ಲುತ್ತದೆ. ಅದೇ ಕೊಂಬೆಯ ಮೇಲೆ ಎರಡು ಹಾಲಕ್ಕಿ ಗೂಬೆಗಳೋ ಆರೇಳು ಕಳ್ಳಿಪೀರಗಳೋ ಒತ್ತಿಕೊಂಡು ಕೂತಿದ್ದರೆ ಲೆಕ್ಕವೇ ಬೇರೆ. ಒಂದರ ಕಣ್ಣು ಚೂಪಾಗಿ, ಪಕ್ಕದ್ದರ ಕಣ್ಣು ಮಸುಕಾಗಿದ್ದರೆ ನೋಡುವವರ ದೃಷ್ಟಿ ಆ ಮಸುಕಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಪರ್ಚರ್ ಕಿರಿದು ಮಾಡೋಣವೆಂದರೆ ಬೆಳಕು ಸಾಲದು. ಶಟರ್ ನಿಧಾನಿಸಿ ಬೆಳಕನ್ನು ಹೆಚ್ಚು ಹೊತ್ತು ಒಳಬಿಟ್ಟರೆ ಯಾವುದಾದರೂ ಒಂದು ಹಕ್ಕಿ ತಲೆ ತಿರುಗಿಸಿಬಿಡುತ್ತದೆ. ಐಎಸ್‌ಒ (ಇರುವ ಬೆಳಕಿನಲ್ಲೇ ಚಿತ್ರವನ್ನು ಹೊಳಪಾಗಿಸುವ ಸೆಟ್ಟಿಂಗ್) ಏರಿಸಿದರೆ ಗರಿಗಳ ನವಿರು ಅಳಿಸಿಹೋಗುತ್ತದೆ.

ಹೀಗಾಗಿ 'ಕಡಿಮೆ ಬೆಳಕಿಗೆ ಯಾವ ಲೆನ್ಸ್ ಒಳ್ಳೆಯದು' ಎಂಬ ಪ್ರಶ್ನೆಗಿಂತ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು: ಈ ಹಕ್ಕಿಗಳು ಹೇಗೆ ಕೂತಿವೆ? ಸಾಲಾಗಿಯೋ, ಹಿಂದೆಮುಂದಾಗಿಯೋ? ನಿದ್ದೆಯಲ್ಲಿವೆಯೋ, ಗರಿ ಸವರಿಕೊಳ್ಳುತ್ತಿವೆಯೋ? ಅವೆಲ್ಲ ಸೇರಿ ಚೌಕಟ್ಟಿನ ಎಷ್ಟು ಜಾಗ ತುಂಬುತ್ತವೆ? ಮುಂದಿನ ಎಲ್ಲ ಆಯ್ಕೆಗಳನ್ನೂ ನಾನು ತೂಗುವುದು ಈ ಪ್ರಶ್ನೆಗಳ ಮೇಲೆ.

ಕಿರಿದು ಮಾಡುವುದೋ, ಪಕ್ಕಕ್ಕೆ ಸರಿಯುವುದೋ

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 400 ಮಿಮೀ ಲೆನ್ಸ್, ಹಕ್ಕಿಗಳು 10 ಮೀಟರ್ ದೂರದಲ್ಲಿವೆ ಎಂದಿಟ್ಟುಕೊಳ್ಳಿ. ಚೌಕಟ್ಟಿಗೆ ಅಡ್ಡಲಾಗಿ ಸುಮಾರು 90 ಸೆಂಮೀ ಜಾಗ ಸಿಗುತ್ತದೆ. ಎಫ್/2.8ರಲ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು) ಚೂಪಾಗಿ ಕಾಣುವ ಆಳ ಸುಮಾರು 10 ಸೆಂಮೀ ಮಾತ್ರ. ಎಫ್/5.6ರಲ್ಲಿ ಅದು 21 ಸೆಂಮೀ, ಎಫ್/8ರಲ್ಲಿ 30. ಎರಡು ಗೂಬೆಗಳ ಮುಖ ದೊಡ್ಡದಾಗಿ ಬೇಕೆಂದು 5 ಮೀಟರಿಗೆ ಹೋದರೆ ಎಫ್/2.8ರ ಆಳ ಎರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ಗೂಬೆಯ ಕೊಕ್ಕಿನ ತುದಿಯಿಂದ ಕಣ್ಣಿನವರೆಗೆ ಸಾಕಾದೀತು, ಜೊತೆಗಾರನಿಗೆ ಉಳಿಯುವುದಿಲ್ಲ.

ಇಲ್ಲಿ ಹೆಚ್ಚಿನವರು ಅಪರ್ಚರ್ ಕಿರಿದು ಮಾಡಿ ಐಎಸ್‌ಒ ಏರಿಸುತ್ತಾರೆ. ಅದಕ್ಕೂ ಮೊದಲು ಕಾಲನ್ನು ಬಳಸಬೇಕು. 60 ಸೆಂಮೀ ಉದ್ದದ ಸಾಲೊಂದು ಕ್ಯಾಮೆರಾಗೆ 20 ಡಿಗ್ರಿ ಓರೆಯಾಗಿದ್ದರೆ ಮೊದಲ ಹಕ್ಕಿಗೂ ಕೊನೆಯ ಹಕ್ಕಿಗೂ 20 ಸೆಂಮೀ ಆಳದ ಅಂತರವಿರುತ್ತದೆ. ಓರೆ 10 ಡಿಗ್ರಿಗೆ ಇಳಿದರೆ ಅಂತರವೂ 10 ಸೆಂಮೀಗೆ ಇಳಿಯುತ್ತದೆ. 10 ಮೀಟರ್ ದೂರದಲ್ಲಿ ಈ 10 ಡಿಗ್ರಿ ತಿದ್ದಲು ಎರಡು ಮೀಟರಿಗಿಂತ ಕಡಿಮೆ ಪಕ್ಕಕ್ಕೆ ಸರಿದರೆ ಸಾಕು. ಎಫ್/5.6 ಬೇಕಿದ್ದ ಚಿತ್ರ ಆಗ ಎಫ್/2.8ರಲ್ಲೇ ಬರುತ್ತದೆ. ಅಂದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಬೆಳಕಿನ ಲೆಕ್ಕದಲ್ಲಿ ನಾಲ್ಕು ಪಟ್ಟು. ಕತ್ತಲಾಗುತ್ತಿರುವಾಗ ಇಷ್ಟು ಲಾಭವನ್ನು ಇಷ್ಟು ಸುಲಭವಾಗಿ ಕೊಡುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ. ಸರಿಯುವಾಗ ಹಕ್ಕಿಗಳತ್ತ ನಡೆಯದೆ, ಅವುಗಳಿಂದ ಅಷ್ಟೇ ದೂರ ಉಳಿಸಿಕೊಂಡು ನಿಧಾನವಾಗಿ ಪಕ್ಕಕ್ಕೆ ಸರಿಯಬೇಕು.

ಕೊಂಬೆಯೇ ಹಿಂದೆಮುಂದಾಗಿದ್ದು, ಹರಟೆಮಲ್ಲಗಳ ಗುಂಪಿನಂತೆ ಹಕ್ಕಿಗಳು ಎರಡು ಮೂರು ಪದರಗಳಲ್ಲಿ ಕೂತಿದ್ದರೆ ಸರಿದು ಪ್ರಯೋಜನವಿಲ್ಲ. ಅಲ್ಲಿ ಎರಡೇ ದಾರಿ. ಎಫ್/8ಕ್ಕೆ ಹೋಗಿ ನಿಧಾನ ಶಟರಿನ ಅಪಾಯ ಒಪ್ಪಿಕೊಳ್ಳುವುದು ಒಂದು. ಎದುರಿನ ಜೋಡಿಯನ್ನು ಮಾತ್ರ ಚೂಪಾಗಿಟ್ಟು ಉಳಿದವನ್ನು ಪೂರ್ತಿ ಮಸುಕಿಗೆ ಬಿಡುವುದು ಇನ್ನೊಂದು. ಎರಡೂ ಒಳ್ಳೆಯ ಚಿತ್ರಗಳೇ. ನಡುವೆ ನಿಲ್ಲುವುದು ಮಾತ್ರ ಬೇಡ. ಹಿಂದಿನ ಹಕ್ಕಿ ತುಸುವೇ ಮಸುಕಾಗಿದ್ದರೆ ಅದು ಫೋಕಸ್ ತಪ್ಪಿದಂತೆ ಕಾಣುತ್ತದೆ, ಚೆನ್ನಾಗಿ ಮಸುಕಾಗಿದ್ದರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಫೋಕಸ್ ಯಾವ ಹಕ್ಕಿಗೆ? ಚೂಪಿನ ಆಳದಲ್ಲಿ ಮೂರನೇ ಒಂದು ಪಾಲು ಮುಂದೆ, ಉಳಿದದ್ದು ಹಿಂದೆ ಎಂಬ ಹಳೆಯ ಸೂತ್ರ ಟೆಲಿ (ದೂರದ್ದನ್ನು ಹತ್ತಿರ ತೋರುವ) ಲೆನ್ಸುಗಳಿಗೆ ಹೊಂದುವುದಿಲ್ಲ. ಈ ದೂರಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೆಯಾಗುತ್ತದೆ. ಆದ್ದರಿಂದ ಎಲ್ಲವೂ ಚೂಪಾಗಿ ಬೇಕಿದ್ದರೆ ಅತಿ ಹತ್ತಿರದ ಹಕ್ಕಿಯನ್ನು ಬಿಟ್ಟು, ಆಳದಲ್ಲಿ ನಡುವೆ ಇರುವುದರ ಕಣ್ಣಿಗೆ ಫೋಕಸ್ ಮಾಡಿ.

ದೊಡ್ಡ ಪ್ರೈಮ್, ನಿಧಾನ ಜೂಮ್, 70-200

ಲೆನ್ಸ್ ಹೋಲಿಕೆಯಲ್ಲಿ ಎಲ್ಲರೂ ನೋಡುವುದು ಎಫ್ ಸಂಖ್ಯೆಯನ್ನು. ಎಫ್/2.8 ಎಂದರೆ ಕತ್ತಲಿಗೆ ಒಳ್ಳೆಯದು, ಎಫ್/6.3 ಎಂದರೆ ಕಷ್ಟ ಎಂದು ತೀರ್ಮಾನಿಸಿಬಿಡುತ್ತಾರೆ. ಇದು ಅರ್ಧ ನಿಜ. ಉಳಿದರ್ಧ ತಿಳಿಯಬೇಕೆಂದರೆ ಫೋಕಲ್ ಲೆಂತನ್ನು (ಲೆನ್ಸಿನ ಮಿಮೀ ಸಂಖ್ಯೆಯನ್ನು) ಎಫ್ ಸಂಖ್ಯೆಯಿಂದ ಭಾಗಿಸಿ ನೋಡಿ. ಬರುವ ಉತ್ತರ ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯ ಅಗಲ. 400 ಮಿಮೀ ಎಫ್/2.8ಕ್ಕೆ ಅದು ಸುಮಾರು 143 ಮಿಮೀ. 300 ಮಿಮೀ ಎಫ್/2.8ಕ್ಕೆ 107, 600 ಮಿಮೀ ಎಫ್/6.3ಕ್ಕೆ 95, 500 ಮಿಮೀ ಎಫ್/5.6ಕ್ಕೆ 89. ಕ್ಯಾನನ್ನಿನ 800 ಮಿಮೀ ಎಫ್/11ಕ್ಕೆ 73, ಎಲ್ಲರ ಬಳಿ ಇರುವ 70-200 ಎಫ್/2.8ಕ್ಕೆ 200 ಮಿಮೀಯಲ್ಲಿ 71.

ದೂರದ ಸಣ್ಣ ಗುಂಪಿನ ಚಿತ್ರವನ್ನು ಹೇಗಿದ್ದರೂ ಕತ್ತರಿಸಿ ಒಂದೇ ಅಳತೆಗೆ ತರುತ್ತೇವೆ. ಆ ಚಿತ್ರದಲ್ಲಿ ಹಕ್ಕಿಗಳ ಮೇಲೆ ಎಷ್ಟು ನಾಯ್ಸ್ (ಕಾಳುಕಾಳಾದ ಕಲೆಗಳು) ಕಾಣುತ್ತದೆ ಎಂಬುದು ಬಹುಪಾಲು ಈ ಕಿಂಡಿಯ ವಿಸ್ತೀರ್ಣಕ್ಕೆ ಸೇರಿದ್ದು. 200 ಮಿಮೀಯಲ್ಲಿ ಎಫ್/2.8ರಲ್ಲಿ ತೆಗೆದು ಬಲವಾಗಿ ಕತ್ತರಿಸಿದ ಚಿತ್ರಕ್ಕಿಂತ, 600 ಮಿಮೀ ಎಫ್/6.3ರಲ್ಲಿ ಐಎಸ್‌ಒ ಏರಿಸಿ ತೆಗೆದದ್ದು ಸ್ವಚ್ಛವಾಗಿರುತ್ತದೆ. ಹೆಚ್ಚುಕಡಿಮೆ ಮುಕ್ಕಾಲು ಸ್ಟಾಪಿಗಿಂತ ತುಸು ಹೆಚ್ಚು ಲಾಭ. ಐಎಸ್‌ಒ ಸಂಖ್ಯೆ ನೋಡಿ ಹೆದರಿ 70-200ಕ್ಕೆ ಬದಲಾಯಿಸುವವರು ಕೈಯಾರೆ ಬೆಳಕು ಕಳೆದುಕೊಳ್ಳುತ್ತಾರೆ. ಅದೇ ರೀತಿ 300 ಎಫ್/2.8 ಕೂಡ ದೂರದ ಜೋಡಿಗೆ 600 ಎಫ್/6.3ಕ್ಕಿಂತ ಮೂರನೇ ಒಂದು ಸ್ಟಾಪಿನಷ್ಟೇ ಮುಂದು. ಮೇಲಾಗಿ ಅರ್ಧಕ್ಕೆ ಕತ್ತರಿಸಿದರೆ 24 ಮೆಗಾಪಿಕ್ಸೆಲಿನಲ್ಲಿ ಉಳಿಯುವುದು 6. ನಿಜಕ್ಕೂ ಬೇರೆ ದರ್ಜೆಯಲ್ಲಿರುವುದು 400 ಎಫ್/2.8, 600 ಎಫ್/4ರಂಥ ದೊಡ್ಡ ಪ್ರೈಮುಗಳು (ಜೂಮ್ ಆಗದ ಲೆನ್ಸುಗಳು) ಮಾತ್ರ. ಈಗಿನ ಹೊಸ ಮಾದರಿಗಳೂ ಮೂರು ಕಿಲೋ ಆಸುಪಾಸು ತೂಗುತ್ತವೆ.

ಗುಂಪು ದೊಡ್ಡದಾದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಇಡೀ ಮರದ ತುಂಬ ಬಂದಿಳಿದ ಬೆಳ್ಳಕ್ಕಿಗಳು, ಉದ್ದ ತಂತಿಯ ಮೇಲೆ ಸಾಲುಗಟ್ಟಿದ ಕವಲುತೋಕೆಗಳು 200 ಮಿಮೀಯಲ್ಲೇ ಚೌಕಟ್ಟು ತುಂಬುತ್ತವೆ. ಕತ್ತರಿಸುವ ಮಾತಿಲ್ಲ. ಆಗ ಎಫ್ ಸಂಖ್ಯೆಯೇ ಮುಖ್ಯ: ಎಫ್/2.8 ಎಂದರೆ ಎಫ್/6.3ರ ಐದು ಪಟ್ಟು ಬೆಳಕು. ಹಕ್ಕಿಗಳು ಚೌಕಟ್ಟಿನಲ್ಲಿ ಚಿಕ್ಕವಾಗಿರುವುದರಿಂದ ಚೂಪಿನ ಆಳವೂ ಧಾರಾಳವಾಗಿ ಸಿಗುತ್ತದೆ. ರಾತ್ರಿ ತಂಗುವ ಮರಗಳ ಮುಂದೆ ನನ್ನ ಆಯ್ಕೆ ಯಾವಾಗಲೂ 70-200 ಎಫ್/2.8. ಇನ್ನೂ ಅಗಲವಾದ ದೃಶ್ಯವಿದ್ದರೆ 135 ಅಥವಾ 85 ಮಿಮೀ ಎಫ್/1.8 ಅದ್ಭುತವಾಗಿ ಕೆಲಸ ಮಾಡುತ್ತದೆ. ಹಕ್ಕಿ ಫೋಟೊಗೆ ಚಿಕ್ಕ ಲೆನ್ಸ್ ಸಲ್ಲದು ಎಂಬ ನಂಬಿಕೆಯಿಂದ ಇವನ್ನು ಮನೆಯಲ್ಲೇ ಬಿಟ್ಟು ಬರಬೇಡಿ.

ಸೆನ್ಸರ್ ಗಾತ್ರದ ಚರ್ಚೆಗೂ ಇದೇ ಉತ್ತರ. ಒಂದೇ ಲೆನ್ಸ್, ಒಂದೇ ದೂರ, ಕೊನೆಗೆ ಒಂದೇ ಅಳತೆಗೆ ಕತ್ತರಿಸುವುದಾದರೆ ಫುಲ್ ಫ್ರೇಮಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಗುಂಪು ಇಡೀ ಚೌಕಟ್ಟನ್ನು ತುಂಬಿದಾಗ ಚಿಕ್ಕ ಸೆನ್ಸರಾದ ಎಪಿಎಸ್-ಸಿಗಿಂತ ಒಂದು ಸ್ಟಾಪಿಗೂ ಮೀರಿ ಲಾಭವಿದೆ. ಲೆನ್ಸಿನ ಹಿಂದೆ ಜೋಡಿಸಿ ಫೋಕಲ್ ಲೆಂತ್ ಹಿಗ್ಗಿಸುವ ಟೆಲಿಕನ್ವರ್ಟರ್ 1.4 ಪಟ್ಟಿನದು ಒಂದು ಸ್ಟಾಪ್, 2 ಪಟ್ಟಿನದು ಎರಡು ಸ್ಟಾಪ್ ನುಂಗುತ್ತದೆ. ಕಿಂಡಿಯ ಅಗಲ ಬದಲಾಗದ ಕಾರಣ ನಾಯ್ಸಿನಲ್ಲಿ ದೊಡ್ಡ ನಷ್ಟವಿಲ್ಲ, ಆದರೆ ಮಬ್ಬಿನಲ್ಲಿ ಫೋಕಸ್ ತಡವರಿಸುತ್ತದೆ. ಕತ್ತಲಾಗುವಾಗ ತೆಗೆದಿಡುವುದೇ ಮೇಲು.

ಹತ್ತಿರವೋ ದೂರವೋ

ಹತ್ತಿರ ಹೋದಷ್ಟೂ ಒಳ್ಳೆಯದು ಎಂಬುದು ಒಂಟಿ ಹಕ್ಕಿಗೆ ಹೊಂದುವ ಮಾತು. ಜೋಡಿಯ ವಿಷಯದಲ್ಲಿ ಲೆಕ್ಕ ಹಾಕಿ ನೋಡಿ. ದೂರವನ್ನು ಇಮ್ಮಡಿ ಮಾಡಿ, ಆಮೇಲೆ ಮೊದಲಿನ ಅಳತೆಗೆ ಕತ್ತರಿಸಿದರೆ ಚೂಪಿನ ಆಳ ಇಮ್ಮಡಿಯಾಗುತ್ತದೆ, ಬೆಳಕಿನಲ್ಲಿ ಎರಡು ಸ್ಟಾಪ್ ಕಳೆಯುತ್ತದೆ. ಹತ್ತಿರವೇ ನಿಂತು ಎಫ್/2.8ರಿಂದ ಎಫ್/5.6ಕ್ಕೆ ಹೋದರೂ ಆಗುವುದು ಅದೇ: ಆಳ ಇಮ್ಮಡಿ, ನಷ್ಟ ಎರಡು ಸ್ಟಾಪ್. ಅಂದಮೇಲೆ ಎರಡೂ ಹಕ್ಕಿಗಳು ಚೂಪಾಗಿ ಬೇಕೆನ್ನುವವರಿಗೆ ಹತ್ತಿರ ನಿಲ್ಲುವುದರಿಂದ ಬೆಳಕಿನ ಲಾಭವಿಲ್ಲ. ಪಿಕ್ಸೆಲುಗಳ ಲಾಭವಷ್ಟೇ ಇದೆ. ದೂರದಲ್ಲಿ ನಿಂತರೆ ಹಕ್ಕಿಗಳು ನಮ್ಮನ್ನು ಮರೆಯುತ್ತವೆ. ಬೆದರಿದ ಹಕ್ಕಿ ಗರಿಯನ್ನು ಮೈಗೆ ಅಂಟಿಸಿಕೊಂಡು, ಕತ್ತು ನೀಳ ಮಾಡಿ ನಮ್ಮತ್ತಲೇ ನೋಡುತ್ತದೆ. ನೆಮ್ಮದಿಯಲ್ಲಿರುವುದು ಗರಿ ಉಬ್ಬಿಸಿ ಪಕ್ಕದ್ದಕ್ಕೆ ಒರಗುತ್ತದೆ. ಜೊತೆಯಾಗಿ ಕೂತ ಹಕ್ಕಿಗಳ ಚಿತ್ರಕ್ಕೆ ಜೀವ ಕೊಡುವುದು ಆ ಒರಗುವಿಕೆಯೇ, ಅದಕ್ಕಾಗಿ ನಾನು ದೂರವನ್ನೇ ಆರಿಸುತ್ತೇನೆ.

ಎಷ್ಟು ನಿಧಾನಿಸಬಹುದು

ದಟ್ಟ ಕಾಡಿನ ನೆರಳಿನಲ್ಲಿ, ಎಫ್/6.3ರಲ್ಲಿ, 1/125 ಸೆಕೆಂಡಿಗೆ ಐಎಸ್‌ಒ 4000ದಷ್ಟು ಬೇಕಾಗುವ ಬೆಳಕನ್ನು ಊಹಿಸಿ. ಅದೇ ಬೆಳಕಿಗೆ 1/30 ಸೆಕೆಂಡಾದರೆ ಐಎಸ್‌ಒ 1000 ಸಾಕು, ಎಫ್/2.8 ಇದ್ದರೆ 1/125ಕ್ಕೇ 800 ಸಾಕು. ಇನ್ನೆರಡು ಸ್ಟಾಪ್ ಬೆಳಕು ಇಳಿದಾಗ ಎಫ್/6.3, 1/125ಕ್ಕೆ ಬೇಕಾಗುವುದು 16000. ಈ ಹಂತದಲ್ಲಿ ಶಟರ್ ನಿಧಾನಿಸುವುದೇ ಅತಿ ದೊಡ್ಡ ಉಳಿತಾಯ.

ಇದರಲ್ಲಿ ಗುಂಪಿಗೇ ಸೇರಿದ ತೊಡಕೊಂದಿದೆ. ಒಂದು ಹಕ್ಕಿ 1/30 ಸೆಕೆಂಡಿನಲ್ಲಿ ಅಲುಗಾಡದೆ ಇರುವ ಸಾಧ್ಯತೆ ನೂರಕ್ಕೆ 80 ಎಂದುಕೊಳ್ಳೋಣ. ಎರಡೂ ಅಲುಗಾಡದಿರುವ ಸಾಧ್ಯತೆ 64, ಐದೂ ಅಲುಗಾಡದಿರುವುದು 33, ಎಂಟಾದರೆ ಬರೀ 17. ಗುಂಪು ಬೆಳೆದಂತೆ ಸರಿಯಾದ ಫ್ರೇಮ್ ಅಪರೂಪವಾಗುತ್ತ ಹೋಗುತ್ತದೆ. ಆದ್ದರಿಂದ ನಿದ್ದೆಯ ಜೋಡಿಗೆ 1/15 ಸೆಕೆಂಡಿನವರೆಗೂ ಇಳಿಯಿರಿ, ಎಚ್ಚರವಾಗಿರುವ ಮೂರು ನಾಲ್ಕು ಹಕ್ಕಿಗಳಿಗೆ 1/60ರಿಂದ 1/125 ಇರಲಿ, ರಾಟವಾಳಗಳಂತೆ ಒಂದು ಕ್ಷಣವೂ ಸುಮ್ಮನಿರದ ಗುಂಪಿಗೆ 1/250ಕ್ಕಿಂತ ಕೆಳಗೆ ಬೇಡ.

ಬರ್ಸ್ಟ್ (ಒಂದೇ ಸಮನೆ ಸಾಲು ಚಿತ್ರ ತೆಗೆಯುವುದು) ಇದ್ದೇ ಇದೆ, ಆದರೆ ಒಂದೇ ಉದ್ದನೆಯ ಬರ್ಸ್ಟಿಗಿಂತ ಮೂರು ನಾಲ್ಕು ಫ್ರೇಮುಗಳ ತುಂಡು ತುಂಡು ಬರ್ಸ್ಟುಗಳು ಹೆಚ್ಚು ಫಲ ಕೊಡುತ್ತವೆ. ಒಂದು ಹಕ್ಕಿ ಗರಿ ಕೊಡವುತ್ತಿದ್ದರೆ ಆ ಇಡೀ ಸೆಕೆಂಡು ವ್ಯರ್ಥ. ಕೊಡವಿ ಮುಗಿಸಿದ ಕೂಡಲೇ ಬರುವ ಕ್ಷಣದ ಸ್ತಬ್ಧತೆಯನ್ನು ಕಾಯಬೇಕು. ಅಂಥ ಹೊತ್ತಿನಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಹಳ ಉಪಕಾರಿ. ವೇಗವಾಗಿ ಚಲಿಸುವುದು ಅದರಲ್ಲಿ ವಾಲಿದಂತೆ ಕಾಣುವುದುಂಟು, ಕೂತ ಹಕ್ಕಿಗೆ ಆ ಭಯವಿಲ್ಲ. ಕೆಲವು ಕ್ಯಾಮೆರಾಗಳಲ್ಲಿ ಅದು ನೆರಳಿನ ಭಾಗದ ಗುಣಮಟ್ಟವನ್ನು ತುಸು ತಗ್ಗಿಸುತ್ತದೆ. ಹಕ್ಕಿಗಳು ಸದ್ದಿಗೆ ಬೆಚ್ಚುವುದಾದರೆ ಅದನ್ನೂ ಒಪ್ಪಬಹುದು.

ಆಸರೆಯ ಆಯ್ಕೆ ಇದರ ಮೇಲೇ ನಿಂತಿದೆ. ಸ್ಟೆಬಿಲೈಸೇಶನ್ ನಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಹಕ್ಕಿಯ ಅಲುಗಾಟವನ್ನಾಗಲಿ ಕೊಂಬೆಯ ತೂಗಾಟವನ್ನಾಗಲಿ ಅಲ್ಲ. 1/125ರವರೆಗೆ ಕೈಯಲ್ಲಿ ಹಿಡಿದೂ ತೆಗೆಯಬಹುದು, ಮೊನೊಪಾಡ್ (ಒಂಟಿಕಾಲಿನ ಆಸರೆ) ಇದ್ದರೆ ತೋಳಿಗೆ ವಿಶ್ರಾಂತಿ. 1/30ಕ್ಕೆ ಟ್ರೈಪಾಡ್ ಬೇಕೇ ಬೇಕು. ವಾಹನದ ಕಿಟಕಿಯಿಂದಾದರೆ ಎಂಜಿನ್ ಆರಿಸಿ, ಬೀನ್ ಬ್ಯಾಗ್ ಮೇಲೆ ಲೆನ್ಸ್ ಇಡಿ.

ಫೋಕಸ್: ಕ್ಯಾಮೆರಾಗೆ ಬಿಡುವುದೋ, ನಾವೇ ಆರಿಸುವುದೋ

ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ. ಒಂಟಿ ಹಕ್ಕಿಗೆ ಇದು ವರ. ಗುಂಪಿನಲ್ಲಿ ಮಾತ್ರ ಆಯ್ಕೆಯ ಚೌಕ ಈ ಕಣ್ಣಿನಿಂದ ಆ ಕಣ್ಣಿಗೆ ಜಿಗಿಯುತ್ತದೆ, ಹತ್ತಿರದ ಹಕ್ಕಿಯನ್ನೇ ಹಿಡಿಯಲು ಹವಣಿಸುತ್ತದೆ. ನಮಗೆ ಬೇಕಿರುವುದು ಆಳದಲ್ಲಿ ನಡುವಿನದು. ಹುಡುಕುವ ಜಾಗವನ್ನು ಚಿಕ್ಕ ವಲಯಕ್ಕೆ ಸೀಮಿತಗೊಳಿಸಿ, ಅಥವಾ ಒಂದೇ ಬಿಂದುವಿನಿಂದ ಫೋಕಸ್ ಮಾಡಿ. ಹಿಂಬದಿಯ ಗುಂಡಿಗೆ ಫೋಕಸ್ ಒಪ್ಪಿಸಿದ್ದರೆ ಒಮ್ಮೆ ಸರಿಯಾದ ಮೇಲೆ ಬೆರಳು ತೆಗೆದುಬಿಡಬಹುದು. ಹಕ್ಕಿಗಳು ಕೂತಲ್ಲೇ ಇರುವವರೆಗೆ ಮತ್ತೆ ಮುಟ್ಟುವ ಅಗತ್ಯವಿಲ್ಲ.

ಕ್ಯಾಮೆರಾ ಕೊಳ್ಳುವಾಗ ಕಾಣುವ ಮೈನಸ್ ಇವಿ ಸಂಖ್ಯೆಗಳ (ಎಷ್ಟು ಕಡಿಮೆ ಬೆಳಕಿನಲ್ಲಿ ಫೋಕಸ್ ಸಿಗುತ್ತದೆ ಎಂಬ ಅಳತೆ) ಬಗ್ಗೆ ಒಂದು ಮಾತು. ಕ್ಯಾನನ್ ಆರ್6 ಮೈನಸ್ 6.5 ಇವಿವರೆಗೆ ಫೋಕಸ್ ಮಾಡುತ್ತದೆ ಎಂಬ ಹೇಳಿಕೆ ಎಫ್/1.2 ಲೆನ್ಸಿಗೆ ಸಂಬಂಧಿಸಿದ್ದು. ಎಫ್/7.1ರ ಟೆಲಿ ಜೂಮ್ ಹಾಕಿದಾಗ ಸೆನ್ಸರಿಗೆ ತಲುಪುವ ಬೆಳಕು ಐದು ಸ್ಟಾಪಿನಷ್ಟು ಕಡಿಮೆ. ಆ ಸಂಖ್ಯೆಗಳನ್ನು ನಿಮ್ಮ ಲೆನ್ಸಿಗೆ ಇಳಿಸಿಕೊಂಡೇ ಹೋಲಿಸಿ. ಫೋಕಸ್ ಸಿಗದೆ ಹೋದಾಗ ಹಕ್ಕಿಯ ನಯವಾದ ಎದೆಯನ್ನು ಬಿಟ್ಟು, ಅದು ಕೂತ ಕೊಂಬೆಯ ಒರಟು ತೊಗಟೆಗೆ, ಕಾಲಿನ ಪಕ್ಕದಲ್ಲೇ, ಫೋಕಸ್ ಮಾಡಿ ನೋಡಿ.

ಮುಂಜಾನೆಯೋ ಮುಸ್ಸಂಜೆಯೋ

ಬೆಳಕಿನ ಪ್ರಮಾಣ ಎರಡರಲ್ಲೂ ಒಂದೇ ಇದ್ದೀತು, ದಿಕ್ಕು ಬೇರೆ. ಮುಂಜಾನೆ ನಿಮಿಷ ನಿಮಿಷಕ್ಕೂ ಬೆಳಕು ಏರುತ್ತದೆ. ಕತ್ತಲಿರುವಾಗಲೇ ಹೋಗಿ ಕೂತರೆ ಮೊದಲ ಚಿತ್ರಕ್ಕಿಂತ ಎರಡನೆಯದು ಸುಲಭ. ಚಳಿಗೆ ಒತ್ತಿಕೊಂಡು ಕೂತ ಕಳ್ಳಿಪೀರಗಳು ಬಿಸಿಲು ಬೀಳುವ ತನಕ ಕದಲದಿರುವುದೂ ಉಂಟು. ಮುಸ್ಸಂಜೆ ಇದಕ್ಕೆ ವಿರುದ್ಧ: ಬೆಳಕಿದ್ದಾಗ ಜಾಗಕ್ಕಾಗಿ ತಳ್ಳಾಟ, ಅವು ಶಾಂತವಾಗುವ ಹೊತ್ತಿಗೆ ಬೆಳಕಿಲ್ಲ. ಜೊತೆಗೆ, ಸಂಜೆ ನಮ್ಮಿಂದ ಬೆದರಿ ಹಾರಿದ ಹಕ್ಕಿಗೆ ಕತ್ತಲಾಗುವುದರೊಳಗೆ ಇನ್ನೊಂದು ಸುರಕ್ಷಿತ ಜಾಗ ಹುಡುಕಲು ಸಮಯ ಸಾಲದು. ಆಯ್ಕೆ ಇದ್ದರೆ ಮುಂಜಾನೆಯೇ.

ಸಂಜೆಯ ಒಂದು ಗುಣವನ್ನು ಮಾತ್ರ ಬಿಡಬಾರದು. ಸೂರ್ಯ ಮುಳುಗಿದ ದಿಕ್ಕಿನ ಆಕಾಶ ಇನ್ನೂ ಹೊಳೆಯುತ್ತಿರುವಾಗ ಹಕ್ಕಿಗಳನ್ನು ಅದರ ಎದುರಿಗೆ ತಂದುಕೊಂಡರೆ ನೆರಳುಚಿತ್ರ ಸಿಗುತ್ತದೆ. ಆಕಾಶಕ್ಕೆ ಎಕ್ಸ್‌ಪೋಶರ್ ಹೊಂದಿಸುವುದರಿಂದ ಐಎಸ್‌ಒ ತಗ್ಗುತ್ತದೆ, ಶಟರ್ ವೇಗವಾಗುತ್ತದೆ. ಮೈಬಣ್ಣ ತೋರಿಸಲು ಎರಡು ಸ್ಟಾಪ್ ಹೆಣಗಾಡುವ ಹೊತ್ತಿನಲ್ಲಿ ಇದು ನಿಜವಾದ ಪರ್ಯಾಯ. ಇದಕ್ಕೆ ಬೇಕಾದ ಕೂರುವಿಕೆ ಬೇರೆ ಥರದ್ದು: ಒತ್ತಿ ಕೂತ ಹಕ್ಕಿಗಳು ನೆರಳಿನಲ್ಲಿ ಒಂದೇ ಉಂಡೆಯಾಗಿಬಿಡುತ್ತವೆ. ನಡುವೆ ಬೆರಳಗಲ ಆಕಾಶ ಕಾಣುವ, ಕೊಕ್ಕು ಪಕ್ಕಕ್ಕೆ ತಿರುಗಿದ ಸಾಲೇ ಬೇಕು.

ಫ್ಲ್ಯಾಶ್ ಬಗ್ಗೆ ನನ್ನ ನಿಲುವು ಸ್ಪಷ್ಟ: ತಂಗಲು ಕೂತ ಹಕ್ಕಿಗಳ ಮೇಲೆ ಬೇಡ, ಪ್ರಖರ ಟಾರ್ಚೂ ಬೇಡ. ಕತ್ತಲಿಗೆ ಹೊಂದಿದ ಕಣ್ಣಿಗೆ ಅದು ಆಘಾತ, ಒಂದು ಬೆದರಿದರೆ ಇಡೀ ಸಾಲು ಕತ್ತಲೊಳಕ್ಕೆ ಎದ್ದುಹೋಗುತ್ತದೆ. ಚಿತ್ರದ ದೃಷ್ಟಿಯಿಂದಲೂ ಲಾಭವಿಲ್ಲ. ಗೂಬೆಗಳ ಕಣ್ಣು ಲೋಹದಂತೆ ಹೊಳೆಯುತ್ತದೆ, ಎದುರಿನ ಎಲೆ ಸುಟ್ಟ ಬಿಳಿಯಾಗುತ್ತದೆ, ಹಿನ್ನೆಲೆ ಕಪ್ಪಾಗಿ ಆ ಹೊತ್ತಿನ ಬೆಳಕೇ ಮಾಯವಾಗುತ್ತದೆ.

ಮನೆಗೆ ಬಂದ ಮೇಲೆ: ಒಂದು ಫ್ರೇಮೋ, ಹಲವೋ

ಇದಕ್ಕೆಲ್ಲ ರಾ ಕಡತವೇ (ಸೆನ್ಸರಿನ ಕಚ್ಚಾ ಮಾಹಿತಿ) ಆಧಾರ, ಜೆಪೆಗ್ ಸಾಲದು. ಕಡಿಮೆ ಎಕ್ಸ್‌ಪೋಶರ್ ಕೊಟ್ಟು ಆಮೇಲೆ ಎತ್ತುವುದಕ್ಕಿಂತ, ಬಿಳಿ ಭಾಗ ಸುಡದಷ್ಟು ಮಟ್ಟಿಗೆ ಸ್ಥಳದಲ್ಲೇ ಬೆಳಕು ತುಂಬಿಕೊಳ್ಳುವುದು ಒಳ್ಳೆಯದು. ಬೆಳ್ಳಕ್ಕಿಯ ಪಕ್ಕ ನೀರುಕಾಗೆ ಕೂತಿದ್ದರೆ ಬಿಳಿಯನ್ನು ಕಾಪಾಡಿ; ಕಪ್ಪನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿಯನ್ನು ಮರಳಿ ತರಲಾಗದು.

ನಾಯ್ಸ್ ತೆಗೆಯಲು ಎರಡು ದಾರಿಗಳಿವೆ. ಮೊದಲನೆಯದು ಎಐ ತಂತ್ರಾಂಶ. ಡಿಎಕ್ಸ್‌ಒ 2020ರಲ್ಲಿ ಡೀಪ್‌ಪ್ರೈಮ್ ತಂದಿತು, ಅಡೋಬಿ 2023ರಲ್ಲಿ ಲೈಟ್‌ರೂಮಿಗೆ ಎಐ ಡಿನಾಯ್ಸ್ ಸೇರಿಸಿತು. ಇವು ಒಂದೇ ಫ್ರೇಮಿನಿಂದ ಬಹಳಷ್ಟನ್ನು ಉಳಿಸಿಕೊಡುತ್ತವೆ. ಎಚ್ಚರವಾಗಿದ್ದು ಅಲುಗಾಡುವ ಹಕ್ಕಿಗಳಿಗೆ ಇದೇ ದಾರಿ. ಬಲ ಹೆಚ್ಚು ಮಾಡಿದರೆ ಒತ್ತಿ ಕೂತ ಎರಡು ಹಕ್ಕಿಗಳ ಗರಿ ಸೇರುವ ಜಾಗ ಮೇಣದಂತೆ ನುಣುಪಾಗಿ, ಒಂದರ ಅಂಚು ಇನ್ನೊಂದರೊಳಗೆ ಕರಗುತ್ತದೆ. ನೂರಕ್ಕೆ ನೂರು ಹಿಗ್ಗಿಸಿ ಮೊದಲು ನೋಡಬೇಕಾದ್ದು ಆ ಗೆರೆಯನ್ನೇ.

ಎರಡನೆಯದು ಟ್ರೈಪಾಡ್ ಮೇಲೆ ತೆಗೆದ ಹಲವು ಫ್ರೇಮುಗಳ ಸರಾಸರಿ. ನಾಲ್ಕು ಫ್ರೇಮ್ ಸೇರಿದರೆ ನಾಯ್ಸ್ ಅರ್ಧ, ಹದಿನಾರು ಸೇರಿದರೆ ಕಾಲು ಭಾಗ. ಇದರಲ್ಲಿ ಯಂತ್ರದ ಊಹೆಯಿಲ್ಲ, ಸಿಕ್ಕ ಗರಿ ನಿಜವಾದ ಗರಿ. ಹಕ್ಕಿಗಳು ನಿದ್ದೆಯಲ್ಲಿದ್ದು ಗಾಳಿ ನಿಂತಿದ್ದರೆ ಮಾತ್ರ ಸಾಧ್ಯ. ಐದರಲ್ಲಿ ಒಂದು ಅಲುಗಾಡಿದರೆ ಅದನ್ನು ಮಾತ್ರ ಒಂದೇ ಫ್ರೇಮಿನಿಂದ ಮಾಸ್ಕ್ ಮಾಡಿ (ಆ ಭಾಗವನ್ನಷ್ಟೇ ಗುರುತಿಸಿ) ತೆಗೆದುಕೊಂಡು, ಉಳಿದ ಚಿತ್ರಕ್ಕೆ ಸರಾಸರಿ ಬಳಸಬಹುದು. ಹಿಂದಿನ ಹಕ್ಕಿಗೊಂದು, ಮುಂದಿನದಕ್ಕೊಂದು ಫೋಕಸ್ ಮಾಡಿ ಎರಡನ್ನು ಬೆಸೆಯುವುದೂ ಇದೇ ಜಾತಿಯ ಕೆಲಸ. ಸ್ಪರ್ಧೆಗೆ ಕಳಿಸುವುದಿದ್ದರೆ ಬೆಸೆದ ಚಿತ್ರಕ್ಕೆ ಅನುಮತಿ ಇದೆಯೇ ಎಂದು ನಿಯಮ ಓದಿ, ಎಲ್ಲಿ ಹಂಚಿಕೊಂಡರೂ ಬೆಸೆದದ್ದೆಂದು ಅಡಿಬರಹದಲ್ಲಿ ಬರೆಯಿರಿ. ಮೂಲ ಫ್ರೇಮುಗಳನ್ನೆಲ್ಲ ಅದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.